ಮೂವತ್ತೇಳನೆಯ ಹಾಸುಬಟ್ಟೆ

8 ಫೆಬ್ರುವರಿ 1987

ಪ್ರೀತಿಯ ಅಕ್ಕ,

ನಿನ್ನೆ ಅಮ್ಮನನ್ನು ದೊಡ್ಡಮನೆಗೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತೆಂಟು ವರ್ಷ ಹಿಂಬಾಗಿಲಿನಿಂದ ಹೋಗಿ ಬಟ್ಟೆ ಒಗೆದು ಬಂದವಳು ಮೊದಲ ಸಲ ಮುಂಬಾಗಿಲಿನಿಂದ ಒಳಗೆ ಹೋದಳು, ಅದೂ ಗಾಲಿಕುರ್ಚಿಯಲ್ಲಿ. ಬಾಗಿಲಲ್ಲಿ ಟಿಕೆಟ್ ಹರಿಯುವವನು ಹಳೆಯ ಕಾಲದ ಕೋಟು ತೊಟ್ಟು ಸೊಂಟ ಬಗ್ಗಿಸಿ ಸ್ವಾಗತಿಸಿದ. ಅಮ್ಮ ನನ್ನ ಕಡೆ ತಿರುಗಿ, "ಯಾರೇ ಇವನು? ಕೋಟು ಯಾರದ್ದೋ ಕೇಳಿ ಹಾಕ್ಕೊಂಡಿದಾನೆ, ತೋಳು ನೋಡು" ಅಂದಳು. ಅವನಿಗೂ ಕೇಳಿಸಿತು. ಪಾಪ, ತೋಳನ್ನು ಮೇಲಕ್ಕೆ ಎಳೆದುಕೊಂಡ.

ಆ ಮನೆಯನ್ನು ಅದರ ಹೊಲ, ಹಟ್ಟಿ, ಲಾಯ, ಕುಲುಮೆ ಎಲ್ಲ ಸೇರಿಸಿ ಮ್ಯೂಸಿಯಂ ಮಾಡಿದ್ದಾರೆಂದು ಹೋದ ವರ್ಷ ಬರೆದಿದ್ದೆನಲ್ಲ. 'ಜೀವಂತ ಮ್ಯೂಸಿಯಂ' ಎಂದು ಬೋರ್ಡು ಹಾಕಿದ್ದಾರೆ. ಅಂದರೆ ಹಳೆಯ ಉಡುಪಿನ ಜನ ಹಳೆಯ ಕೆಲಸಗಳನ್ನು ನಿಜವಾಗಿ ಮಾಡುತ್ತಿರುತ್ತಾರೆ. ಹಾಲು ಕರೆಯುತ್ತಾರೆ, ಬೆಣ್ಣೆ ಕಡೆಯುತ್ತಾರೆ, ಕುದುರೆಗೆ ಲಾಳ ಕಟ್ಟುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರ್ 1942ರದು. ಅದನ್ನು ಯಾರೂ ಬದಲಿಸುವುದಿಲ್ಲ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ಆರನೆಯ ವಯಸ್ಸಿಗೇ ಇಂಗ್ಲಿಷ್ ಶಾಲೆಯ ಹಾಸ್ಟೆಲ್ ಸೇರಿದ ನನಗೆ ಆ ಮನೆ ಎಂದರೆ ರಜೆಯ ನೆನಪು ಅಷ್ಟೆ. ಅಲ್ಲಿ ಓಡಾಡುತ್ತಿದ್ದಾಗ, ಇಷ್ಟು ಜನರಲ್ಲಿ ಇನ್ನೂ ಹುಟ್ಟದವಳು ನಾನೊಬ್ಬಳೇ ಅನ್ನಿಸಿತು.

ಅಮ್ಮನ ಒಗೆತದ ಕೋಣೆ ಹಾಗೆಯೇ ಇದೆ. ತಾಮ್ರದ ಹಂಡೆ, ಕಲ್ಲಿನ ತೊಟ್ಟಿ, ಒಲೆಯ ಸುತ್ತ ಒರಗಿಸಿಟ್ಟ ಇಸ್ತ್ರಿಪೆಟ್ಟಿಗೆಗಳು. ಈಗ ಅಲ್ಲಿ ಬಿಳಿ ಏಪ್ರನ್ ಕಟ್ಟಿಕೊಂಡು 'ಒಗೆತದವಳು' ಆಗಿರುವವರು ಒಬ್ಬ ನಿವೃತ್ತ ಡ್ರಿಲ್ ಟೀಚರ್. ಎಲ್ಲರೂ ಅವರನ್ನು ಡ್ರಿಲ್ ಮೇಡಂ ಅನ್ನುತ್ತಾರೆ. ಅವರು ಮಡಚಿಟ್ಟಿದ್ದ ಹಾಸುಬಟ್ಟೆಯನ್ನು ಅಮ್ಮ ಬೆರಳಲ್ಲಿ ಎತ್ತಿ ನೋಡಿದಳು.

"ಇದೇನೇ ಇದು, ಇಸ್ತ್ರಿ ಮಾಡಿದ್ದೋ, ಎಮ್ಮೆ ನೆಕ್ಕಿದ್ದೋ?"

"ಯಾಕಮ್ಮಾ, ಸರಿ ಇಲ್ವಾ?"

"ನೀರು ಚಿಮುಕ್ಸಿ ಸುತ್ತಿಡ್ಬೇಕು. ಅರ್ಧ ಗಂಟೆ ಬಿಟ್ಟು ಆಮೇಲೆ ಪೆಟ್ಟಿಗೆ ಮುಟ್ಬೇಕು. ಇಷ್ಟೊಂದು ಅವಸರ ಏನು, ಮನೆಗೆ ಬೆಂಕಿ ಬಿದ್ದಿದ್ಯಾ?"

ಸುತ್ತ ನಿಂತವರು ನಕ್ಕು ಚಪ್ಪಾಳೆ ತಟ್ಟಿದರು. ಅಮ್ಮನೂ ಮ್ಯೂಸಿಯಮ್ಮಿನವಳೇ ಎಂದುಕೊಂಡಿದ್ದರು. ನಾನೂ ನಕ್ಕೆ, ಆಮೇಲೆ ಕಸಿವಿಸಿಯಾಯಿತು. ಅಮ್ಮನಿಗೆ ತೋರಿಸಲು ಕರೆದುಕೊಂಡು ಬಂದೆನೋ, ಅಮ್ಮನನ್ನೇ ತೋರಿಸಲು ಕರೆದುಕೊಂಡು ಬಂದೆನೋ?

ಆ ಮನೆಯ ಹಾಸುಬಟ್ಟೆಗಳು ಒಟ್ಟು ಮೂವತ್ತಾರು. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಸಂಖ್ಯೆ. ಒಗೆದದ್ದು ರಾಶಿಯ ಅಡಿಗೆ ಹೋಗಬೇಕು, ಹಾಸಲು ಮೇಲಿನಿಂದ ತೆಗೆಯಬೇಕು. ಎಲ್ಲವೂ ಒಂದೇ ಸಮ ಸವೆಯಲಿ ಎಂದು. ಡ್ರಿಲ್ ಮೇಡಂ ಇದನ್ನು ವಿವರಿಸುತ್ತಿದ್ದಾಗ ಅಮ್ಮ ಮಧ್ಯೆ ಬಾಯಿ ಹಾಕಿ, "ಮೂವತ್ತೇಳು ಎಲ್ಲಿ?" ಅಂದಳು.

ಇದೇ ಅಕ್ಕ, ನಿನ್ನನ್ನು ಕೇಳಬೇಕಾದ್ದು. ಮೂರು ತಿಂಗಳಿಂದ ಮನೆಯಲ್ಲಿ ಕರವಸ್ತ್ರ ಮಡಚುವಾಗಲೂ, ಕಿಟಕಿಯ ಸರಳು ಎಣಿಸುವಾಗಲೂ ಮೂವತ್ತಾರಕ್ಕೆ ನಿಲ್ಲುತ್ತಾಳೆ, "ಇನ್ನೊಂದು?" ಅಂತ ಹುಡುಕುತ್ತಾಳೆ. ಏನದು? ನಿನಗೆ ಗೊತ್ತಿರಬೇಕು. ಹದಿನೆಂಟು ವರ್ಷ ಅಲ್ಲಿದ್ದವಳು ನೀನು.

ಡಾಕ್ಟರು ಹೃದಯ ಹಿಗ್ಗಿದೆ ಅಂದಿದ್ದಾರೆ. "ವರ್ಷದ ಮಾತು ಬೇಡ, ತಿಂಗಳ ಮಾತಾಡೋಣ" ಅಂದರು. ಒಮ್ಮೆ ಬಂದು ಹೋಗು. ಅಪ್ಪ ತೀರಿಕೊಂಡಾಗ ಬಂದವಳು; ಹನ್ನೊಂದು ವರ್ಷವಾಯಿತು. ಆಗಲೂ ಎರಡೇ ದಿನ, ಅಮ್ಮ ಊಟಕ್ಕೆ ಕರೆದಾಗೆಲ್ಲ ಹಸಿವಿಲ್ಲ ಅಂದೆ. ನಿಮ್ಮಿಬ್ಬರ ನಡುವೆ ಏನಿದೆ ಎಂದು ನಾನು ಯಾವತ್ತೂ ಕೇಳಿಲ್ಲ. ಈಗಲೂ ಕೇಳುತ್ತಿಲ್ಲ. ಬಾ ಅಷ್ಟೆ.

ನಿನ್ನ
ತಂಗಿ

*

27 ಫೆಬ್ರುವರಿ 1987

ಚಿಕ್ಕವಳೇ,

ನಿನ್ನ ಪತ್ರ ಬಂತು. ಎಮ್ಮೆ ನೆಕ್ಕಿದ ಮಾತು ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಎದುರಿಗಿದ್ದ ಗಿರಾಕಿ ತನ್ನನ್ನೇ ನೋಡಿ ನಕ್ಕೆನೆಂದು ಮುಖ ಗಂಟು ಹಾಕಿಕೊಂಡು ಹೋದ.

ಇಲ್ಲಿ ಬಂದರಿನಲ್ಲಿ ಈಗ ಕೆಲಸದ ಒತ್ತಡ. ಗಾಳಿ ಜೋರಾಗುವ ಮೊದಲು ಎಲ್ಲ ದೋಣಿಗಳಿಗೂ ಟಾರ್ಪಾಲಿನ್ ಬೇಕು. ನಾನೂ ನನ್ನ ಎರಡು ಹೊಲಿಗೆ ಮೆಷಿನ್ನೂ ಬೆಳಗಿನಿಂದ ಸಂಜೆವರೆಗೆ ದುಡಿಯುತ್ತೇವೆ. ಬೆರಳ ತುದಿ ಚರ್ಮ ಚಪ್ಪಲಿಯ ಹಾಗಾಗಿದೆ. ಈ ಹೊತ್ತಿನಲ್ಲಿ ಬಿಟ್ಟು ಬರಲಾಗುವುದಿಲ್ಲ.

ಮೂವತ್ತೇಳು ಏನೆಂದು ನನಗೆ ಗೊತ್ತಿಲ್ಲ. ವಯಸ್ಸಾದವರು ಏನೋ ಒಂದನ್ನು ಹಿಡಿದುಕೊಳ್ಳುತ್ತಾರೆ. ನೀನು ಅದಕ್ಕೊಂದು ಅರ್ಥ ಹುಡುಕುತ್ತಾ ಕೂರಬೇಡ. ಕಚೇರಿಯಲ್ಲಿ ಪುಸ್ತಕಗಳ ಪ್ರೂಫ್ ನೋಡಿ ನೋಡಿ ನಿನಗೆ ಎಲ್ಲದರಲ್ಲೂ ಏನೋ ಬಿಟ್ಟುಹೋಗಿದೆ ಎಂದೇ ಕಾಣುತ್ತದೆ.

ಅಮ್ಮನಿಗೊಂದು ಚೀಲ ಹೊಲಿದು ಕಳಿಸಿದ್ದೇನೆ, ಕುರ್ಚಿಯ ತೋಳಿಗೆ ಸಿಕ್ಕಿಸಲು. ಕನ್ನಡಕ, ಔಷಧಿ ಇಟ್ಟುಕೊಳ್ಳಬಹುದು. ಇಸ್ತ್ರಿ ಮಾಡಿಲ್ಲ, ಬೈಯುತ್ತಾಳೆ. ನನ್ನ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೇ ಇಲ್ಲ.

ಅವಳನ್ನು ಮತ್ತೆ ಆ ಮನೆಗೆ ಕರೆದುಕೊಂಡು ಹೋಗಬೇಡ. ಸುಮ್ಮನೆ ಆಯಾಸ.

ಒಗೆತದ ಕೋಣೆಯ ಆ ಕಪಾಟು ಇದೆಯೇ, ಬಾಗಿಲಿಗೆ ಜಾಲರಿ ಇದ್ದದ್ದು? ಅದನ್ನು ಯಾರು ತೆಗೆಯುತ್ತಾರೆ? ಸುಮ್ಮನೆ ಕೇಳಿದೆ.

ಅಕ್ಕ

*

15 ಮಾರ್ಚ್ 1987

ಪ್ರೀತಿಯ ಅಕ್ಕ,

ಚೀಲ ಬಂತು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೊಲಿಗೆ ಗಟ್ಟಿ ಇದೆ. ಇಸ್ತ್ರಿಗೇನು ಬಂದಿತ್ತು ರೋಗ?" ಅಂದಳು. ನೀನು ಹೇಳಿದಂತೆಯೇ ಆಯಿತು. ಆದರೂ ಹಗಲೆಲ್ಲ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಲ್ಲಿ ನೀವುತ್ತಿರುತ್ತಾಳೆ, ಸುಕ್ಕು ಹೋಗಲಿ ಎಂದೋ, ಮತ್ತೇನಕ್ಕೋ.

ನೀನು ಬೇಡ ಅಂದರೂ ಮತ್ತೆ ಹೋಗಿದ್ದೆವು. ಅವಳೇ ಬೆಳಗ್ಗೆ ತಲೆ ಬಾಚಿಕೊಂಡು, "ಹೊತ್ತಾಯ್ತು, ಹಂಡೆಗೆ ಬೆಂಕಿ ಹಾಕ್ಬೇಕು" ಎಂದು ಬಾಗಿಲಲ್ಲಿ ಕೂತಳು. ನಾನೇನು ಮಾಡಲಿ? 'ಅಮ್ಮ, ಆ ಕೆಲಸ ಮುಗಿದು ಇಪ್ಪತ್ತೆಂಟು ವರ್ಷವಾಯಿತು' ಅನ್ನುವುದು ಸರಿಯೇ, ಸುಮ್ಮನೆ ಕರೆದುಕೊಂಡು ಹೋಗುವುದು ಸರಿಯೇ? ಸುಲಭವಾದದ್ದನ್ನು ಆರಿಸಿಕೊಂಡೆ.

ಜಾಲರಿ ಬಾಗಿಲಿನ ಕಪಾಟು ಇದೆ. ಕೀಲಿಕೈ ಡ್ರಿಲ್ ಮೇಡಂ ಸೊಂಟದಲ್ಲಿ. ನಾವು ಹೋಗಿ ಬಂದ ಮೇಲೆ ಅವರಿಗೆ ಅಮ್ಮನ ಪ್ರಶ್ನೆ ಕೊರೆಯುತ್ತಿತ್ತಂತೆ. ಮೇಲ್ವಿಚಾರಕರ ಹತ್ತಿರ ಕೇಳಿದ್ದಾರೆ. ಅವರು, "ಮೂವತ್ತೇಳು ಇದೆಯಲ್ಲ, ರಿಪೇರಿ ಸಮಯದಲ್ಲಿ ರಾಶಿಯ ಅಡಿಯಲ್ಲಿ ಸಿಕ್ಕಿತ್ತು" ಎಂದು ಪಕ್ಕದ ಪ್ರದರ್ಶನದ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದರಂತೆ. ಈಗ ಅದನ್ನು ಒಗೆತದ ಕೋಣೆಗೇ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಎರಡು ಮೊಳ ಉದ್ದವೂ ಇಲ್ಲದ ಹಾಸುಬಟ್ಟೆ. ಮೂಲೆಯಲ್ಲಿ ಕೆಂಪು ದಾರದ 37. ಲೇಬಲ್ಲಿನಲ್ಲಿ ಹೀಗಿದೆ: 'ಯಜಮಾನರ ಕಿರಿಯ ಮಗಳ ಗೊಂಬೆಯ ಹಾಸಿಗೆಗಾಗಿ ಮಾಡಿಸಿದ್ದು.'

ಅಮ್ಮ ಅದನ್ನು ನೋಡಿದಳು. ಗೊಂಬೆ ಗಿಂಬೆ ಓದಲಿಲ್ಲ. ಡ್ರಿಲ್ ಮೇಡಂ ಕೈ ಹಿಡಿದು ಹತ್ತಿರ ಎಳೆದುಕೊಂಡು, ಜೊತೆಗೆ ಕೆಲಸ ಮಾಡುವವಳ ಕಿವಿಯಲ್ಲಿ ಹೇಳುವ ಹಾಗೆ ಹೇಳಿದಳು: "ಇದನ್ಯಾಕೆ ಮೇಲೆ ಇಟ್ಟಿದೀಯ? ಮೂವತ್ತಾರರ ಅಡಿಗೆ ಇಡು. ದೊಡ್ಡದು ಬಂದು ಕೇಳಿದ್ರೆ ಇಲ್ಲ ಅಂದ್ಬಿಡು. ಅದರ ಕೈಗೆ ಸಿಗಬಾರದು."

ದೊಡ್ಡದು ಎಂದರೆ ನೀನೇ ಅಲ್ಲವೇ? ನಮ್ಮನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ, ದೊಡ್ಡದು, ಚಿಕ್ಕದು, ಪಾತ್ರೆಗಳ ಹಾಗೆ. ಆಮೇಲೆಯೂ ಒಂದೆರಡು ಮಾತು ಆಡಿದಳು. ನಿನ್ನ ಚಿಕ್ಕಂದಿನ ಯಾವುದೋ ಅಭ್ಯಾಸದ ವಿಷಯ. ಬರೆದರೆ ನಿನಗೆ ಮುಜುಗರವಾದೀತು, ಅಂಥ ಮುಖ್ಯವೂ ಅಲ್ಲ. ಬಾ, ಬಂದಾಗ ಹೇಳುತ್ತೇನೆ, ಇಬ್ಬರೂ ಕೂತು ನಗೋಣ.

ಆ ಲೇಬಲ್ ತಪ್ಪು ಎಂದು ನನಗೆ ಖಾತ್ರಿಯಾಗಿ ಅನ್ನಿಸುತ್ತಿದೆ. ಸರಿಯಾದದ್ದು ಏನೆಂದು ಮಾತ್ರ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಬರೆ, ತಿದ್ದಿಸುತ್ತೇನೆ.

ಅಮ್ಮನ ಕಾಲು ಊದಿಕೊಂಡಿದೆ. ದೋಣಿಗಳು ಕಾಯುತ್ತವೆ ಅಕ್ಕ.

ನಿನ್ನ
ತಂಗಿ

*

6 ಏಪ್ರಿಲ್ 1987

ಅಕ್ಕ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಹಿಂದಿನ ಪತ್ರ ತಲುಪಿತೇ? ಏನಾದರೂ ತಪ್ಪು ಬರೆದೆನೇ? ಅದರ ಪ್ರತಿ ನನ್ನ ಬಳಿ ಇಲ್ಲ. ನೆನಪಿನಲ್ಲೇ ಮತ್ತೆ ಮತ್ತೆ ಓದಿ ನೋಡಿದೆ. ಚೀಲಕ್ಕೆ ಇಸ್ತ್ರಿ ಇಲ್ಲ ಅಂದ ಮಾತು ಚುಚ್ಚಿತೇ? ಅದು ಪ್ರೀತಿಯಲ್ಲೇ ಅಂದದ್ದು.

ಅಮ್ಮ ಈಗ ಮಂಚದ ಮೇಲೆಯೇ. ಮ್ಯೂಸಿಯಮ್ಮಿಗೆ ಹೋಗುವುದು ನಿಂತಿತು. ಡ್ರಿಲ್ ಮೇಡಂ ಎರಡು ಸಲ ಬಂದು ನೋಡಿಕೊಂಡು ಹೋದರು. ಮೊದಲ ಸಲ ಮಾಮೂಲಿ ಬಟ್ಟೆಯಲ್ಲಿ ಬಂದಾಗ ಅಮ್ಮ ಗುರುತು ಹಿಡಿಯಲಿಲ್ಲ. ಎರಡನೆಯ ಸಲ ಚೀಲದಿಂದ ಏಪ್ರನ್ ತೆಗೆದು ಕಟ್ಟಿಕೊಂಡು ಒಳಗೆ ಬಂದರು. "ಬಂದ್ಯಾ? ಹಂಡೆ ಕುದೀತಾ?" ಅಂದಳು ಅಮ್ಮ. ಅವರು ಕುದಿಯಿತು ಅಂದರು.

ಎರಡು ಸಾಲು ಬರೆ.

ತಂಗಿ

*

11 ಏಪ್ರಿಲ್ 1987

ಚಿಕ್ಕವಳೇ,

ನಿನ್ನ ಮಾರ್ಚ್ ತಿಂಗಳ ಪತ್ರವನ್ನು ಮೆಷಿನ್ನಿನ ಕೆಳಗಿನ ಡಬ್ಬಿಯಲ್ಲಿ ಇಟ್ಟು ಇಪ್ಪತ್ತು ದಿನ ಅದರ ಮೇಲೆ ಕೂತು ಹೊಲಿದೆ. ಇವತ್ತು ರಜೆ, ತಪ್ಪಿಸಿಕೊಳ್ಳಲು ಕೆಲಸವಿಲ್ಲ. ಬರೆಯುತ್ತಿದ್ದೇನೆ.

ಅದು ಗೊಂಬೆಯದಲ್ಲ. ನಿನಗಿಂತ ಮೊದಲು ನಮಗೊಬ್ಬ ತಮ್ಮ ಇದ್ದ. ಐದು ತಿಂಗಳು ಇದ್ದ. ಹೆಸರಿಟ್ಟಿರಲಿಲ್ಲ, ಗುಂಡ ಅನ್ನುತ್ತಿದ್ದೆವು. ನಿನಗೆ ಯಾರೂ ಹೇಳಲಿಲ್ಲ, ನಮ್ಮ ನಮ್ಮಲ್ಲೂ ಯಾರೂ ಆಡಲಿಲ್ಲ.

ಆ ಮನೆಯ ಹಾಸುಬಟ್ಟೆ ನಡುವೆ ಸವೆದರೆ ಉದ್ದಕ್ಕೆ ಸೀಳಿ, ಗಟ್ಟಿ ಇರುವ ಎರಡು ಅಂಚನ್ನು ನಡುವಿಗೆ ತಂದು ಜೋಡಿಸಿ ಹೊಲಿಯುತ್ತಿದ್ದರು. ಅದೂ ಸವೆದರೆ ಉಳಿದ ತುಂಡು ಒಗೆತದವಳಿಗೆ. ಹಾಗೆ ಸಿಕ್ಕ ತುಂಡಿನಲ್ಲಿ ಅಮ್ಮ ಗುಂಡನ ತೊಟ್ಟಿಲಿಗೆ ಹಾಸುಬಟ್ಟೆ ಮಾಡಿದಳು. ಆಗ ಅದರ ಮೇಲೆ ಸಂಖ್ಯೆ ಇರಲಿಲ್ಲ.

ಅಮ್ಮ ಇಸ್ತ್ರಿ ಮಾಡುವಾಗ ಅವನನ್ನು ಬಟ್ಟೆಯ ಬುಟ್ಟಿಯಲ್ಲಿ ಮಲಗಿಸುತ್ತಿದ್ದಳು. ನೋಡಿಕೊಳ್ಳುವುದು ನನ್ನ ಕೆಲಸ. ನನಗೆ ಒಂಬತ್ತು. ಒಂದು ದಿನ ಹಬೆಗೆ ಅವನು ಬಹಳ ಅಳುತ್ತಿದ್ದ. ಹೊರಗೆ ಕುಳಿರ್ಗಾಳಿ. ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಲಾಯಕ್ಕೆ ಹೋದೆ, ಕುದುರೆ ತೋರಿಸಲು. ಅಪ್ಪ ಅಲ್ಲೇ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದ, ನಕ್ಕ. ಗುಂಡನೂ ನಕ್ಕ. ಕುದುರೆ ಸೀನಿತು, ಅದಕ್ಕೆ ಇನ್ನೂ ನಕ್ಕ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮರುದಿನ ಜ್ವರ. ನಾಲ್ಕನೆಯ ದಿನ ಇಲ್ಲ.

ಅಮ್ಮ ನನಗೆ ಒಂದು ಮಾತು ಅನ್ನಲಿಲ್ಲ. ಆವತ್ತೂ ಇಲ್ಲ, ಆಮೇಲೂ ಇಲ್ಲ. ಒಂದು ಏಟು ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವನ ಹಾಸುಬಟ್ಟೆ ನನ್ನ ಹತ್ತಿರ ಇತ್ತು. ಅದರಲ್ಲಿ ಅವನ ವಾಸನೆ ಇತ್ತು. ಒಂದು ದಿನ ನೋಡಿದರೆ ಇಲ್ಲ. ಮನೆಯೆಲ್ಲ ಹುಡುಕಿದೆ. ಅಮ್ಮನನ್ನು ಕೇಳಿದೆ, ಗೊತ್ತಿಲ್ಲ ಅಂದಳು. ವಾರದ ಮೇಲೆ ದೊಡ್ಡಮನೆಯ ಹಗ್ಗದ ಮೇಲೆ ಮೂವತ್ತಾರು ಬಟ್ಟೆಗಳ ಕೊನೆಯಲ್ಲಿ ಅದು ಒಣಗುತ್ತಿತ್ತು. ಒಗೆದು, ಗಂಜಿ ಹಾಕಿ, ಕೆಂಪು ದಾರದಲ್ಲಿ 37 ಹಾಕಿದ್ದಳು. ಜಾಲರಿಯ ಕಪಾಟಿನೊಳಗೆ ಇಟ್ಟು ಬೀಗ ಹಾಕುವುದನ್ನೂ ನೋಡಿದೆ. ಪರರ ಮನೆಗಾದರೂ ಕೊಟ್ಟಾಳು, ನನ್ನ ಕೈಯಲ್ಲಿ ಇರಬಾರದು. ಅವನನ್ನು ಕೊಂದ ಕೈಯಲ್ಲವೇ. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಅರ್ಥವಾದದ್ದು ಇಷ್ಟು. ಅದು ತಪ್ಪು ಗ್ರಹಿಕೆ ಇರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡದ್ದುಂಟು.

ಈಗ ನೀನೇ ಬರೆದಿದ್ದೀಯ, ಅವಳ ಬಾಯಿಂದಲೇ ಬಂದ ಮಾತು. 'ಅದರ ಕೈಗೆ ಸಿಗಬಾರದು.' ಎಲ್ಲವನ್ನೂ ಮರೆತಿದ್ದಾಳೆ, ಇದೊಂದನ್ನು ಮರೆತಿಲ್ಲ.

ಲೇಬಲ್ ತಿದ್ದಿಸಬೇಡ. ಗೊಂಬೆಯದೇ ಆಗಿರಲಿ. ನಾನು ಬರುವುದಿಲ್ಲ. ನನ್ನ ಮುಖ ಕಂಡರೆ ಅವಳಿಗೆ ಯಾವ ಮುಖ ನೆನಪಾಗುತ್ತದೆಂದು ನನಗೆ ಗೊತ್ತು. ಕೊನೆಯ ದಿನಗಳಲ್ಲಾದರೂ ಅವಳು ನೆಮ್ಮದಿಯಾಗಿರಲಿ.

ಅಕ್ಕ

*

20 ಏಪ್ರಿಲ್ 1987

ಅಕ್ಕ,

ನಿನ್ನ ಪತ್ರ ಈಗ ಬಂತು. ಓದಿ ಮೊದಲು ಅಂಚೆ ಕಚೇರಿಗೆ ಓಡಿ ಟೆಲಿಗ್ರಾಂ ಕೊಟ್ಟೆ. 'ತಪ್ಪು ನನ್ನದು. ಅಮ್ಮ ನಿನ್ನನ್ನು ದೂರಿಲ್ಲ. ಹೊರಡು.' ಕೌಂಟರಿನವನು ಇನ್ನೂ ಕಡಿಮೆ ಮಾಡಬಹುದು ಅಂದ. ಕಡಿಮೆ ಮಾಡಿಯೇ ಇಲ್ಲಿಗೆ ಬಂದದ್ದು ಎಂದು ಅವನಿಗೆ ಹೇಗೆ ಹೇಳಲಿ. ನೀನು ಮೂರು ವಾಕ್ಯವನ್ನು ನಂಬುವವಳಲ್ಲ. ಅದಕ್ಕೆ ಇದನ್ನು ಎಕ್ಸ್‌ಪ್ರೆಸ್ ಅಂಚೆಯಲ್ಲಿ ಹಾಕುತ್ತಿದ್ದೇನೆ.

ಆ ದಿನ ಅಮ್ಮ ಹೇಳಿದ್ದರಲ್ಲಿ ಅರ್ಧ ಮಾತ್ರ ನಿನಗೆ ಬರೆದೆ. ಇಪ್ಪತ್ತು ವರ್ಷದಿಂದ ಪಠ್ಯಪುಸ್ತಕದ ಕಚೇರಿಯಲ್ಲಿ ನಾನು ಮಾಡುವುದು ಅದನ್ನೇ. ಸಾಲು ಉದ್ದವಾದರೆ ಬೇಡದ್ದು ಯಾವುದೆಂದು ನೋಡಿ ಕತ್ತರಿಸುವುದು. ಬೇಡದ್ದು ಎಂದು ತೀರ್ಮಾನಿಸಲು ನಾನು ಯಾರು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಅವಳು ಹೇಳಿದ್ದು ಪೂರ್ತಿ ಹೀಗೆ. ಡ್ರಿಲ್ ಮೇಡಮ್ಮನ್ನೂ ಕೇಳಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇನೆ:

"ಇದನ್ಯಾಕೆ ಮೇಲೆ ಇಟ್ಟಿದೀಯ? ಮೂವತ್ತಾರರ ಅಡಿಗೆ ಇಡು. ದೊಡ್ಡದು ಬಂದು ಕೇಳಿದ್ರೆ ಇಲ್ಲ ಅಂದ್ಬಿಡು. ಅದರ ಕೈಗೆ ಸಿಗಬಾರದು. ಸಿಕ್ರೆ ಮೂಗಿಗೆ ಹಿಡ್ಕೊಂಡು ಕೂತ್ಬಿಡುತ್ತೆ, ಊಟ ಮುಟ್ಟಲ್ಲ. ಹತ್ತು ದಿನ ಆಯ್ತು ಅದು ಸರಿಯಾಗಿ ಉಂಡು. ಒಳ್ಳೇ ಕೂಸು, ಸವೆದುಹೋಗ್ತಿದೆ. ಇದೊಂದಾದ್ರೂ ನನಗೆ ಉಳೀಲಿ."

ಮಗು ಬಟ್ಟೆ ಮೂಸುತ್ತಾ ಕೂರುವುದು, ಬೆರಳು ಚೀಪುವ ಹಾಗೆ ಏನೋ ಒಂದು ಅಭ್ಯಾಸ ಎಂದುಕೊಂಡೆ. ಕೊನೆಯ ಮಾತು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಬಿಟ್ಟೆ. ನನಗೊಬ್ಬ ಅಣ್ಣ ಇದ್ದ ಎಂಬುದೇ ಗೊತ್ತಿರಲಿಲ್ಲವಲ್ಲ.

ಅವಳು ಅದನ್ನು ಅಡಗಿಸಿಟ್ಟದ್ದು ನಿನ್ನ ಕೈಗೆ ಸಿಗಬಾರದೆಂದೇ. ನೀನು ತಿಳಿದದ್ದು ಸುಳ್ಳಲ್ಲ. ಯಾಕೆ ಎಂಬುದು ಮಾತ್ರ ಬೇರೆ. ಮಗನ ಬಟ್ಟೆಯನ್ನು ಸುಡಲೂ ಆಗದೆ, ಮನೆಯಲ್ಲಿ ಇಡಲೂ ಆಗದೆ, ವಾರವಾರ ತನ್ನ ಕೈಯಲ್ಲೇ ಒಗೆದು ಮಡಚುವ ಜಾಗದಲ್ಲಿ ಇಟ್ಟಳು, ಲೆಕ್ಕಕ್ಕೆ ಸಿಗುವ ಹಾಗೆ ನಂಬರು ಹಾಕಿ.

ಇವತ್ತು ಅವಳ ಹತ್ತಿರ ಕೂತು, "ಅಮ್ಮ, ಗುಂಡ" ಅಂದೆ. ಆ ಹೆಸರನ್ನು ನಾನು ಹೇಳಿದ್ದು ಇದೇ ಮೊದಲು. ಅವಳು ನಿನ್ನ ಚೀಲವನ್ನು ಅಂಗೈಯಲ್ಲಿ ನೀವಿದಳು. ಆಮೇಲೆ, "ದೊಡ್ಡದಕ್ಕೆ ಊಟ ಹಾಕಿದ್ಯಾ?" ಅಂದಳು.

ಮಾತು ಕಡಿಮೆಯಾಗಿದೆ. ಉಸಿರು ಎಳೆಯುತ್ತಾಳೆ. ರೈಲಿನಲ್ಲಿ ಮೂರು ದಿನ. ಹೊರಡು ಅಕ್ಕ.

*

25 ಏಪ್ರಿಲ್ 1987, ಮಧ್ಯಾಹ್ನ

ಚಿಕ್ಕವಳೇ,

ಟೆಲಿಗ್ರಾಂ ಮಂಗಳವಾರ ಬಂದಿತ್ತು. ನೀನು ನನ್ನನ್ನು ಬರಿಸಲು ಒಳ್ಳೆಯ ಮಾತು ಆಡುತ್ತಿದ್ದೀಯ ಎಂದುಕೊಂಡು ಮಡಚಿ ಇಟ್ಟೆ. ಪತ್ರ ಈಗ, ಹನ್ನೆರಡಕ್ಕೆ ಬಂತು.

ಸಂಜೆ ಐದರ ರೈಲಿಗೆ ಹೊರಡುತ್ತೇನೆ. ಈ ಕಾಗದ ನನಗಿಂತ ನಿಧಾನವಾಗಿ ಬರುತ್ತದೆಂದು ಗೊತ್ತು. ಆದರೂ ಹಾಕುತ್ತಿದ್ದೇನೆ. ದಾರಿಯಲ್ಲಿ ಧೈರ್ಯ ಕೆಟ್ಟು ಯಾವುದಾದರೂ ಸ್ಟೇಷನ್ನಿನಲ್ಲಿ ಇಳಿದು ವಾಪಸ್ಸು ಹೊರಟರೆ ನಿನ್ನ ಕೈಯಲ್ಲಿ ಒಂದು ಸಾಕ್ಷಿ ಇರಲಿ, ಬರುತ್ತೇನೆಂದು ಹೇಳಿದ್ದೆ ಎಂದು.

ಅವಳಿಗೆ ಹೇಳು, ದೊಡ್ಡದು ಬರುತ್ತಿದೆ, ಹೊಟ್ಟೆ ಹಸಿದಿದೆಯಂತೆ ಎಂದು.

ಅಕ್ಕ

*

14 ಜೂನ್ 1987

ಪ್ರೀತಿಯ ಅಕ್ಕ,

ನೀನು ವಾಪಸ್ಸು ಊರು ತಲುಪಿದ ಬಗ್ಗೆ ಕಾರ್ಡು ಬಂತು. ಏಪ್ರಿಲ್ ಇಪ್ಪತ್ತೈದರ ನಿನ್ನ ಕಾಗದ ನೀನು ಇಲ್ಲಿದ್ದಾಗಲೇ ಬಂದಿತ್ತು. ನಿನಗೆ ತೋರಿಸಲಿಲ್ಲ. ಮತ್ತೆ ಮುಚ್ಚಿಟ್ಟೆನಲ್ಲ ಅನ್ನಬೇಡ, ಅದಕ್ಕೇ ಈಗ ಹೇಳುತ್ತಿದ್ದೇನೆ. ನೀನು ಅದನ್ನು ಬರೆಯುತ್ತಿದ್ದ ಹೊತ್ತಿಗೆ ಅಮ್ಮ ಹೋಗಿ ಒಂದು ಗಂಟೆಯಾಗಿತ್ತು. ನಾನು ಕೊಟ್ಟ ಎರಡನೆಯ ಟೆಲಿಗ್ರಾಂ ಬೀಗ ಹಾಕಿದ ನಿನ್ನ ಮನೆಗೆ ಬಂದಿರಬೇಕು. ಬಾಗಿಲ ಕೆಳಗೆ ಸಿಕ್ಕಿತೇ? ಸಿಕ್ಕಿದ್ದರೆ ಓದಬೇಡ.

ಬಾಗಿಲಲ್ಲಿ ನಿಂತಾಗ ನಿನಗೆ ಯಾರೂ ಹೇಳಬೇಕಾಗಲಿಲ್ಲ. ಗಾಲಿಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿದ್ದೆ, ಅದರ ತೋಳಲ್ಲಿ ನಿನ್ನ ಚೀಲ. ನೀನು ಚೀಲವನ್ನು ಬಿಚ್ಚಿಕೊಂಡು ಅದರೊಳಗೆ ಕೈ ಹಾಕಿ ಕೂತೆ. ಕನ್ನಡಕ ಇತ್ತು.

ನಾವಿಬ್ಬರೂ ಹೋಗಿ ಗುಂಡನ ವಿಷಯ ಹೇಳಿದಾಗ ಮ್ಯೂಸಿಯಮ್ಮಿನಲ್ಲಿ ನಡೆದದ್ದನ್ನು ನಾನು ದಿನಾ ನೆನೆಸಿಕೊಳ್ಳುತ್ತೇನೆ. ಮೇಲ್ವಿಚಾರಕರು ಗಾಜಿನ ಪೆಟ್ಟಿಗೆ ತೆಗೆದು, ಇನ್ನು ಮೇಲೆ ನಿಜವಾದ ಕಥೆಯನ್ನೇ ದೊಡ್ಡ ಬೋರ್ಡಿನಲ್ಲಿ ಬರೆಸುತ್ತೇವೆ, ಜನರ ಮನಸ್ಸಿಗೆ ತಟ್ಟುತ್ತದೆ ಅಂದರು. ನೀನು ಅವರ ಮುಖ ನೋಡಲಿಲ್ಲ. "ಬೋರ್ಡು ಬೇಡ ಸ್ವಾಮಿ. ಗಾಜೂ ಬೇಡ. ರಾಶಿಗೆ ಸೇರ್ಸಿ. ಒಗೀರಿ, ಒಣಗ್ಸಿ" ಅಂದೆ. ಆಮೇಲೆ ಡ್ರಿಲ್ ಮೇಡಮ್ಮನ್ನು ಕೇಳಿ, ಆ ತುಂಡಿಗೆ ನೀರು ಚಿಮುಕಿಸಿ, ಸುತ್ತಿಟ್ಟು, ಅರ್ಧ ಗಂಟೆ ಕಾದೆ. ಆ ಅರ್ಧ ಗಂಟೆ ನಾವು ಮೂವರೂ ಒಲೆಯ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಎರಡು ಶಾಲಾ ಮಕ್ಕಳ ಗುಂಪು ಬಂದು ನೋಡಿಕೊಂಡು ಹೋಯಿತು. ನೀನು ಪೆಟ್ಟಿಗೆ ಎತ್ತಿದೆ. ಎಲ್ಲಿ ಸುಡುತ್ತೀಯೋ ಎಂದು ನನಗೆ ಭಯ. ನೀನು ಮಾತ್ರ ಅಮ್ಮನ ಹಾಗೆಯೇ ಮೂಲೆಯಿಂದ ಶುರುಮಾಡಿದೆ, ನಂಬರಿನ ಮೇಲೆ ಪೆಟ್ಟಿಗೆ ತಾಗಿಸದೆ.

ಈಗ ಅವರು ಒಪ್ಪಿದ್ದಾರೆ. ಮೂವತ್ತೇಳು ರಾಶಿಯಲ್ಲಿದೆ. ಅಮ್ಮ ಹೇಳಿದಂತೆ ಸದಾ ಎಲ್ಲದರ ಅಡಿಗೆ. ವಾರಕ್ಕೊಮ್ಮೆ ಉಳಿದವುಗಳ ಜೊತೆ ನೀರಿಗೆ ಬೀಳುತ್ತದೆ.

ರೈಲು ಹತ್ತುವಾಗ ನೀನು, "ನಿನ್ನ ತಪ್ಪೇನೂ ಇಲ್ಲ, ನಿನಗೆ ಗೊತ್ತಿರಲಿಲ್ಲ" ಅಂದೆ. ಅದನ್ನೇ ಅಲ್ಲವೇ ಅಕ್ಕ, ನೀನು ನಲವತ್ತೈದು ವರ್ಷ ಕಾದದ್ದು? ಅಮ್ಮ ನಿನಗೆ ಹೇಳದೇ ಹೋದದ್ದನ್ನು ನೀನು ನನಗೆ ನಿಂತ ನಿಲುವಿನಲ್ಲಿ ಹೇಳಿಬಿಟ್ಟೆ. ಆದರೂ ನನಗೆ ಪೂರ್ತಿ ನಂಬಲಾಗುತ್ತಿಲ್ಲ. ಆ ಎರಡು ಸಾಲನ್ನು ಮಾರ್ಚಿನಲ್ಲೇ ಬರೆದಿದ್ದರೆ ನೀನು ಬಂದು ಒಂದು ತಿಂಗಳು ಅವಳ ಹತ್ತಿರ ಇರುತ್ತಿದ್ದೆ. ಕಚೇರಿಯಲ್ಲಿ ಈಗ ಒಂದು ಪದ ಹೊಡೆದುಹಾಕಲೂ ಪೆನ್ಸಿಲ್ ಹಿಡಿದು ಕೂರುತ್ತೇನೆ. ಕೆಲಸ ಹಿಂದೆ ಬಿದ್ದಿದೆ.

ಹೇಗಿದ್ದೀಯ? ದಯವಿಟ್ಟು ಸರಿಯಾದ ಉತ್ತರ ಬರೆ, ಟಾರ್ಪಾಲಿನ್ ಸುದ್ದಿಯಲ್ಲ.

ನಿನ್ನ
ತಂಗಿ

*

30 ಜೂನ್ 1987

ಚಿಕ್ಕದೇ,

ಟೆಲಿಗ್ರಾಂ ಬಾಗಿಲ ಕೆಳಗೆ ಇತ್ತು. ನಿನ್ನ ಕಾಗದ ಬರುವ ಮೊದಲೇ ಓದಿದೆ. ಸಮಯ ಬರೆದಿದ್ದೀಯ, ಹನ್ನೊಂದು ಗಂಟೆ ಎಂದು. ಆವತ್ತು ಹನ್ನೊಂದಕ್ಕೆ ನಾನು ಒಂದು ನೀಲಿ ಟಾರ್ಪಾಲಿನ್ನಿನ ಅಂಚು ಮಡಚುತ್ತಿದ್ದೆ. ಆ ದೋಣಿ ಈಗಲೂ ದಿನಾ ಹೋಗಿ ಬರುತ್ತದೆ, ಅಂಗಡಿಯ ಬಾಗಿಲಿನಿಂದ ಕಾಣುತ್ತದೆ.

ನಿನ್ನನ್ನು ನೀನು ಎಷ್ಟು ವರ್ಷ ಹೀಗೆ ಕೊರೆದುಕೊಳ್ಳಬೇಕು ಎಂದುಕೊಂಡಿದ್ದೀಯೋ ಅಷ್ಟನ್ನೂ ನಾನು ಮಾಡಿ ಮುಗಿಸಿದ್ದೇನೆ. ನಿನಗೆ ಉಳಿಸಿಲ್ಲ. ಪದ ಹೊಡೆದುಹಾಕು, ಕೆಲಸ ಮಾಡು.

ಇಸ್ತ್ರಿಪೆಟ್ಟಿಗೆ ಕೊಂಡೆ. ಕರೆಂಟಿನದು, ಹಗುರ, ಆಟದ ಸಾಮಾನಿನ ಹಾಗಿದೆ. ಅಮ್ಮ ನೋಡಿದ್ದರೆ ಮೂಗು ಮುರಿಯುತ್ತಿದ್ದಳು. ಇಸ್ತ್ರಿ ಮಾಡಲು ಮನೆಯಲ್ಲಿ ಏನೂ ಇರಲಿಲ್ಲ, ಒಂದು ದಿಂಬಿನ ಚೀಲಕ್ಕೇ ಮೂರು ಸಲ ಮಾಡಿದೆ.

ಹೇಗಿದ್ದೀಯ ಎಂದು ಕೇಳಿದ್ದೀಯ. ಮೊದಲ ಒಂದು ತಿಂಗಳು ಚೆನ್ನಾಗಿರಲಿಲ್ಲ. ತಟ್ಟೆ ಮುಂದೆ ಕೂರುತ್ತಿದ್ದೆ, ಏಳುತ್ತಿದ್ದೆ. ಪಕ್ಕದ ಅಂಗಡಿಯವಳು ಬೈಯುತ್ತಿದ್ದಳು. ಮೊನ್ನೆಯಿಂದ ಪರವಾಗಿಲ್ಲ.

ಒಂದು ಕೆಲಸ ಮಾಡು. ಮುಂದಿನ ಸಲ ಒಗೆಯುವ ದಿನ ಆ ಕೋಣೆಗೆ ಹೋಗು. ಡ್ರಿಲ್ ಮೇಡಂ ಏಪ್ರನ್ ಕಟ್ಟಿಕೊಂಡಿರುವಾಗಲೇ ಹೋಗು. ಅಮ್ಮ ಹೇಳಿ ಹೋದದ್ದು ಅವರಿಗೇ ಅಲ್ಲವೇ, ನಿನಗಾಗಲಿ ನನಗಾಗಲಿ ಅಲ್ಲ. ಅವರ ಕಿವಿಯಲ್ಲಿ ಹೇಳು. ದೊಡ್ಡದು ಬಂದಿತ್ತು, ಅದನ್ನು ನೋಡಿತು, ಮತ್ತೆ ಅಲ್ಲೇ ಇಟ್ಟು ಹೋಯಿತು. ಇವತ್ತು ಊಟ ಮಾಡಿತು.

ಅಕ್ಕ